ಬೆಲ್ಲ ಆರಿಸಿದ ಎಳ್ಳು

ನನಗೆ ಸಕ್ಕರೆ ಕಾಯಿಲೆ ಇಲ್ಲ. ಯಾವತ್ತೂ ಇರಲಿಲ್ಲ. ಆದರೂ ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ನಾನು ವರ್ಷಗಟ್ಟಲೆ ಶುಗರ್ ಪೇಷೆಂಟಾಗಿ ಬಾಳಿದೆ. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವರು ನನ್ನ ಎಲೆಯನ್ನು ದಾಟಿ ಮುಂದೆ ಹೋಗುತ್ತಿದ್ದರು. ನಾಮಕರಣಕ್ಕೆ ಹೋದರೆ ನನಗೊಬ್ಬಳಿಗೆ ಬೇರೆ ಲೋಟದಲ್ಲಿ ಸಕ್ಕರೆ ಹಾಕದ ಕಾಫಿ. ಸಂಕ್ರಾಂತಿಗೆ ಎಳ್ಳು ಬೀರಲು ಬರುತ್ತಿದ್ದ ಎದುರುಮನೆಯಾಕೆ ನನ್ನ ಪಾಲಿನ ಪೊಟ್ಟಣದಿಂದ ಬೆಲ್ಲದ ಚೂರುಗಳನ್ನೆಲ್ಲ ಆರಿಸಿ ತೆಗೆದು, ಎಳ್ಳು, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ ಮಾತ್ರ ಉಳಿಸಿ, ನಿಮಗೇ ಅಂತ ಬೇರೆ ಮಾಡಿಕೊಂಡು ಬಂದೆ ಎಂದು ಅಕ್ಕರೆಯಿಂದ ಕೊಡುತ್ತಿದ್ದರು. ಸಕ್ಕರೆ ಅಚ್ಚು ನನ್ನ ಮಗಳ ಕೈಗೆ ಹೋಗುತ್ತಿತ್ತು. ಆ ಸಪ್ಪೆ ಎಳ್ಳನ್ನು ಅವರ ಎದುರಿಗೇ ಅಗಿಯುತ್ತ ನಾನು ನಗಬೇಕಾಗಿತ್ತು. ನಗುತ್ತಿದ್ದೆ.

ನನಗಿದ್ದದ್ದು ಖಿನ್ನತೆ. ಈಗ ಟೀವಿಯಲ್ಲಿ ಕೂತು ಈ ಮಾತನ್ನು ಧಾರಾಳವಾಗಿ ಆಡುತ್ತಾರೆ. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಮನೆಯಲ್ಲಿ ಅದಕ್ಕಿದ್ದ ಹೆಸರು ಸೋಮಾರಿತನ. ಒಲೆಯ ಮುಂದೆ ನಿಂತಿರುತ್ತಿದ್ದೆ. ಹಾಲು ಉಕ್ಕಿ ಬರುವುದು ಕಾಣುತ್ತಿತ್ತು. ಕೈ ಎತ್ತಿ ಉರಿ ತಗ್ಗಿಸಲು ಆಗುತ್ತಿರಲಿಲ್ಲ. ಬಚ್ಚಲಿಗೆ ಹೋದರೆ ಬಿಸಿನೀರು ಆರುವ ತನಕ ಮಣೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಮಗಳು ಒಂದನೇ ಕ್ಲಾಸಿನಲ್ಲಿದ್ದಳು. ಅವಳ ಒಂದು ಜಡೆ ಹೆಣೆದು, ಇನ್ನೊಂದು ಹೆಣೆಯಲಾರದೆ, ಬಾಚಣಿಗೆಯನ್ನು ಅವಳ ಕೂದಲಲ್ಲೇ ಬಿಟ್ಟು ಎದ್ದು ಹೋದದ್ದಿದೆ. ಇದಕ್ಕೆ ಕಣ್ಣಿಗೆ ಕಾಣುವ ಕಾರಣವೂ ಇರಲಿಲ್ಲ. ಯಾರೂ ಸತ್ತಿರಲಿಲ್ಲ, ಗಂಡ ಕುಡಿಯುತ್ತಿರಲಿಲ್ಲ, ಅವರಿಗೆ ಬ್ಯಾಂಕಿನ ಕೆಲಸ, ಸ್ವಂತ ಮನೆ. ಬಂದವರೆಲ್ಲ ನಿನಗೇನಮ್ಮ ಕಮ್ಮಿ ಎನ್ನುವರು. ಹಾಗೆ ಕೇಳಿದವರನ್ನೆಲ್ಲ ಹಿಡಿದು ಜಾಡಿಸಬೇಕು ಅನಿಸುತ್ತಿತ್ತು. ಅದಕ್ಕೂ ಶಕ್ತಿ ಇರಲಿಲ್ಲ.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಏನೇ ಕಷ್ಟ ಬಂದರೂ ಮೊದಲು ಮಠ. ಅತ್ತೆ ನನ್ನನ್ನು ಕರೆದುಕೊಂಡು ಹೋಗಿ ಸ್ವಾಮಿಗಳ ಪಾದಕ್ಕೆ ಬೀಳಿಸಿದರು. ಸ್ವಾಮಿಗಳು, ಪಾಪ, ಒಳ್ಳೆಯವರು. ವಿಭೂತಿ ಕೊಟ್ಟು, ಡಾಕ್ಟರಿಗೂ ಒಮ್ಮೆ ತೋರಿಸಿಬಿಡಿ ತಾಯಿ ಎಂದರು. ಅತ್ತೆಯ ಕಿವಿಗೆ ವಿಭೂತಿಯ ಮಾತು ಬಿತ್ತು, ಡಾಕ್ಟರ ಮಾತು ಬೀಳಲಿಲ್ಲ. ನನ್ನ ಗಂಡನಿಗೆ ಬಿದ್ದಿತ್ತು. ಅವರು ಹೆಚ್ಚು ಮಾತಾಡುವವರಲ್ಲ. ಒಂದು ಶನಿವಾರ ಮಧ್ಯಾಹ್ನ ಬ್ಯಾಂಕಿನಿಂದ ಬಂದವರೇ ಆಟೋ ಕರೆಸಿ, ನನ್ನನ್ನು ಕೂರಿಸಿಕೊಂಡು ಊರಿನ ಆ ತುದಿಗೆ, ಕೆಸರೆ ಕಡೆಗೆ, ಹೊರಟರು. ಮನಸ್ಸಿನ ಡಾಕ್ಟರು ಹತ್ತಿರದಲ್ಲೂ ಇದ್ದರು. ಆದರೆ ಕೆಸರೆಯಲ್ಲಿ ನಮ್ಮ ಪೈಕಿ ಯಾರೂ ಇರಲಿಲ್ಲ, ನಮ್ಮನ್ನು ನೋಡಿ ಗುರುತು ಹಿಡಿಯುವವರಿರಲಿಲ್ಲ.

ಡಾಕ್ಟರು ವಯಸ್ಸಾದವರು, ಮುಲಾಜಿಲ್ಲದ ಮನುಷ್ಯ. ಮಾತ್ರೆ ಬರೆದುಕೊಟ್ಟರು. ಆಮೇಲೆ, ದಿನಾ ಬೆಳಿಗ್ಗೆ ಬೆವರು ಕಿತ್ತುಕೊಂಡು ಬರುವ ಹಾಗೆ ನಡೆಯಬೇಕು, ಇದೂ ಔಷಧಿಯೇ, ಮಾತ್ರೆಯ ಹಾಗೇ ತಪ್ಪಿಸುವಂತಿಲ್ಲ ಎಂದರು. ನನ್ನ ಗಂಡ ಮೆಲ್ಲಗೆ, ಮನೆಯಲ್ಲೇ ಓಡಾಡಿದರೆ ಆಗುವುದಿಲ್ಲವೇ ಎಂದು ಕೇಳಿದರು.

"ಮನೇಲಿ ಓಡಾಡಿ ಓಡಾಡಿಯೇ ಅಲ್ವೇನ್ರೀ ಇವರು ಹಿಂಗಾಗಿರೋದು" ಎಂದರು ಡಾಕ್ಟರು.

ಎಷ್ಟೋ ತಿಂಗಳಾದ ಮೇಲೆ ಆವತ್ತು ಮೊದಲ ಸಲ ನನಗೆ ನಗು ಬಂತು.

ಮನೆಗೆ ಬಂದಾಗ ಅತ್ತೆಯ ಮುಂದೆ ದೊಡ್ಡ ಪ್ರಶ್ನೆ ಎದ್ದಿತು. ಮಾತ್ರೆಯನ್ನು ಬೀರುವಿನಲ್ಲಿ ಬಚ್ಚಿಡಬಹುದು. ನಡೆಯುವ ಸೊಸೆಯನ್ನು ಎಲ್ಲಿ ಬಚ್ಚಿಡುವುದು? ಮೂವತ್ತು ದಾಟಿದ ಹೆಂಗಸು ಬೆಳಗಾಗುವ ಮುಂಚೆ ಕೆಲಸವಿಲ್ಲದೆ ಬೀದಿಗಿಳಿದರೆ ಜನ ಕೇಳದೆ ಬಿಡುತ್ತಾರೆಯೇ? ಕೇಳಿದರೆ ಏನು ಹೇಳುವುದು? ಅತ್ತೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಯೋಚನೆ ಮಾಡಿ, ಕೊನೆಗೆ ಬಾಯಿಬಿಟ್ಟರು.

"ಶುಗರ್ ಅಂದ್ಬುಡು ಕಣೇ. ಯಾರೂ ಏನೂ ಕೇಳಕ್ಕಿಲ್ಲ."

ಅವರ ಲೆಕ್ಕ ಸರಿಯಾಗಿತ್ತು, ಅದನ್ನು ಒಪ್ಪಬೇಕು. ನಮ್ಮೂರಿನಲ್ಲಿ ಶುಗರ್ ಎಂದರೆ ಮರ್ಯಾದಸ್ಥರ ಕಾಯಿಲೆ. ರಿಟೈರಾದ ಹೆಡ್‌ಮಾಸ್ಟರಿಗೆ ಬರುತ್ತದೆ, ಇಂಜಿನಿಯರಿಗೆ ಬರುತ್ತದೆ, ತುಪ್ಪ ತಿಂದ ಮನೆಯವರಿಗೆ ಬರುತ್ತದೆ. ಅದರ ಬಗ್ಗೆ ಬಸ್‌ಸ್ಟಾಪಿನಲ್ಲಿ ನಿಂತು ಗಟ್ಟಿಯಾಗಿ ಮಾತಾಡಬಹುದು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಕೈ ಬೀಸಿಕೊಂಡು ಹೋಗುವವರಲ್ಲಿ ಮುಕ್ಕಾಲು ಪಾಲು ಜನ ಅದನ್ನೇ ಮಾತಾಡುತ್ತಿದ್ದರು. ಸಂಜೆಯೊಳಗೆ ಅತ್ತೆ ಕಾಂಪೌಂಡಿನ ಆಚೆ ಸುದ್ದಿ ದಾಟಿಸಿದರು. ಮಾರನೆಯ ದಿನ ಬೆಳಿಗ್ಗೆಯೇ ಎದುರುಮನೆಯಿಂದ ಒಂದು ಲೋಟ ಹಾಗಲಕಾಯಿ ರಸ ಬಂತು. ಎದುರುಮನೆಯಾಕೆ ಪಕ್ಕದಲ್ಲೇ ನಿಂತು ಕುಡಿಸಿದರು. ನನ್ನ ಔಷಧೋಪಚಾರ ಶುರುವಾದದ್ದು ಹೀಗೆ.

ಪೂಜೆಯಾಗದೆ ಹೊಸ್ತಿಲು ದಾಟಬಾರದು ಎಂಬುದು ಅತ್ತೆಯ ಇನ್ನೊಂದು ಷರತ್ತು. ಹಾಗಾಗಿ ಇನ್ನೂ ಕತ್ತಲಿರುವಾಗಲೇ ಎದ್ದು, ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ನಡೆಯಲು ಹೊರಡುತ್ತಿದ್ದೆ. ಸೀರೆಯ ಕೆಳಗೆ ಗಂಡ ತಂದುಕೊಟ್ಟ ಬಿಳಿ ಕ್ಯಾನ್ವಾಸ್ ಶೂ. ಪೊಲೀಸಿನವಳ ಹಾಗೆ ಕಾಣುತ್ತೀಯ ಎಂದರು ಅತ್ತೆ. ಬೆವರು ಬಂದಾಗ ವಿಭೂತಿ ಕರಗಿ ಕಣ್ಣಿಗಿಳಿದು ಉರಿಯುತ್ತಿತ್ತು. ಕೆರೆ ಏರಿಯ ಮೇಲೆ ಹಕ್ಕಿಗಳನ್ನು ನೋಡಿ ಮನಸ್ಸು ಹಗುರಾಯಿತು ಎಂದು ಹೇಳುವವರನ್ನು ಕಂಡರೆ ನನಗೆ ಈಗಲೂ ಮೈಯುರಿಯುತ್ತದೆ. ನನಗೆ ಯಾವ ಹಕ್ಕಿಯೂ ಕಾಣಲಿಲ್ಲ. ಕಾಲು ಎತ್ತಿಡುವುದೇ ಒಂದು ಶಿಕ್ಷೆ. ಮೊದಮೊದಲು ಏರಿಯ ಅರ್ಧಕ್ಕೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಅತ್ತು ವಾಪಸ್ಸು ಬರುತ್ತಿದ್ದೆ. ಮಾರನೆಯ ದಿನ ಮತ್ತೆ ಹೋಗುತ್ತಿದ್ದೆ, ಅಷ್ಟೇ. ಆ ಡಾಕ್ಟರಿಗೆ ಹೆದರಿ ಹೋಗುತ್ತಿದ್ದೆನೋ, ಮನೆಯಿಂದ ಒಂದು ಗಳಿಗೆ ತಪ್ಪಿಸಿಕೊಳ್ಳಲು ಹೋಗುತ್ತಿದ್ದೆನೋ, ನನಗೇ ಗೊತ್ತಿಲ್ಲ.

ಗುಣ ಕಂಡದ್ದು ಹೊಟ್ಟೆಯಲ್ಲಿ. ಒಂದು ದಿನ ಕೆರೆ ಸುತ್ತಿ ಮನೆಗೆ ಬಂದಾಗ ಹಸಿವಾಯಿತು. ಎಷ್ಟು ದಿನದಿಂದ ಹಸಿವೆಂಬುದೇ ಇರಲಿಲ್ಲ ಎಂಬುದು ಆಗ ಗೊತ್ತಾಯಿತು. ತಟ್ಟೆ ತುಂಬ ಉಪ್ಪಿಟ್ಟು ಹಾಕಿಸಿಕೊಂಡು ನಿಂತುಕೊಂಡೇ ತಿಂದೆ. ಆಮೇಲೆ ನಿದ್ದೆ ಬರತೊಡಗಿತು. ಆಮೇಲೆ ಒಂದು ಬೆಳಿಗ್ಗೆ ಮಗಳು ಶಾಲೆಗೆ ಹೊರಟಾಗ ಅವಳ ಎರಡು ಜಡೆಗಳೂ ಹೆಣೆದಿರುವುದನ್ನು ನೋಡಿದೆ. ಹೆಣೆದವಳು ನಾನೇ. ನಡೆಯುವುದನ್ನು ಬಿಟ್ಟರೆ ಮತ್ತೆ ಆ ಬಚ್ಚಲಿನ ಮಣೆಯ ಮೇಲೆ ಹೋಗಿ ಕೂರುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಆದ್ದರಿಂದ ಹೋಳಿಗೆ ಹೋದರೆ ಹೋಗಲಿ, ಕಾಫಿ ಸಪ್ಪೆಯಾದರೆ ಆಗಲಿ, ಹಾಗಲಕಾಯಿ ಕುಡಿದೇನು ಎಂದು ಹಲ್ಲುಕಚ್ಚಿಕೊಂಡಿದ್ದೆ. ನಮ್ಮ ಮನೆಯಲ್ಲೇ ಹಬ್ಬದ ಪಾಯಸವನ್ನು ಅತ್ತೆ ನನಗೆ ಬಡಿಸುತ್ತಿರಲಿಲ್ಲ. ಯಾರಾದರೂ ಬಂದು ನೋಡಿದರೆ ಎಂಬ ಭಯದಿಂದ ಶುರುವಾದದ್ದು; ಬರಬರುತ್ತ ಶುಗರ್ ಸುಳ್ಳೆಂಬುದೇ ಅವರಿಗೆ ಮರೆತುಹೋಗಿತ್ತು. ಸಿಹಿ ತಿನ್ನಬೇಡ ಕಣೇ, ನಿನ್ನ ಆರೋಗ್ಯ ನೋಡ್ಕೋ ಎಂದು ನನ್ನನ್ನೇ ಗದರಿಸುತ್ತಿದ್ದರು.

ಕೆರೆ ಏರಿಯ ಮೇಲೆ ನನ್ನ ಹಾಗೇ ಸೀರೆ, ಶೂ, ಹಣೆಯ ಮೇಲೆ ವಿಭೂತಿ ಹಾಕಿಕೊಂಡು ಬರುವ ಇನ್ನೊಬ್ಬರಿದ್ದರು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ಅವರ ಶೂ ನೀಲಿ ಬಣ್ಣದ್ದು. ಎರಡು ರಸ್ತೆ ಆಚೆ ಅವರ ಮನೆ. ಅವರ ಅತ್ತೆಯೂ ನಮ್ಮ ಅತ್ತೆಯೂ ಒಂದೇ ಮಠಕ್ಕೆ ನಡೆದುಕೊಳ್ಳುವವರು. ಅವರಿಗೂ ಶುಗರ್. ನಾವಿಬ್ಬರೂ ಜೊತೆಯಾಗಿ ನಡೆಯತೊಡಗಿ ವರ್ಷಗಳೇ ಕಳೆದವು. ಅವರು ಬಿರುಸಾಗಿ ನಡೆಯುತ್ತಿದ್ದರು, ನನ್ನನ್ನು ಎಳೆದುಕೊಂಡು ಹೋಗುವವರ ಹಾಗೆ. ತಮಾಷೆಯ ಹೆಂಗಸು. ಮುಂದೆ ಹೋಗುವ ದಪ್ಪ ಗಂಡಸರಿಗೆಲ್ಲ ಅಡ್ಡಹೆಸರಿಟ್ಟು ನನ್ನನ್ನು ನಗಿಸುತ್ತಿದ್ದರು. ಶುಗರ್ ವಿಷಯ ಬಂದಾಗ ಮಾತ್ರ ಇಬ್ಬರೂ ಬಾಯಿಪಾಠ ಒಪ್ಪಿಸಿದ ಹಾಗೆ ಏನೋ ಎರಡು ಮಾತಾಡಿ ಸುಮ್ಮನಾಗುತ್ತಿದ್ದೆವು.

ಆಮೇಲೆ ಒಂದು ಭಾನುವಾರ ಕೆರೆಯ ಗೇಟಿನ ಹತ್ತಿರ ಶಾಮಿಯಾನ ಹಾಕಿ ಪುಕ್ಕಟೆ ಶುಗರ್ ತಪಾಸಣೆ ಇಟ್ಟರು. ನಡೆಯಲು ಬಂದವರನ್ನೆಲ್ಲ ಕರೆದು ಕೂರಿಸಿ ಬೆರಳು ಚುಚ್ಚುತ್ತಿದ್ದರು. ನಮ್ಮ ಬೀದಿಯವರೇ ನನ್ನನ್ನೂ ನನ್ನ ಗೆಳತಿಯನ್ನೂ ಕೈಹಿಡಿದು ಕರೆದುಕೊಂಡು ಹೋದರು. ಒಲ್ಲೆ ಎನ್ನಲು ನೆಪವೇ ಇರಲಿಲ್ಲ. ನನಗೆ ನಾರ್ಮಲ್. ಅವರಿಗೂ ನಾರ್ಮಲ್. ಅಲ್ಲಿದ್ದ ಹುಡುಗ ವಯಸ್ಸಿನ ಡಾಕ್ಟರು, ನೋಡಿ, ನಡಿಗೆಯ ಮಹಿಮೆ ಅಂದರೆ ಇದು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಎದುರುಮನೆಯಾಕೆ ಹಾಗಲಕಾಯಿ ರಸದ ಕೀರ್ತಿಯನ್ನು ಅಲ್ಲೇ ವಸೂಲಿ ಮಾಡಿಕೊಂಡರು.

ಜನ ಚದುರಿದ ಮೇಲೆ ಏರಿಯ ತಿರುವಿನಲ್ಲಿ ಗೆಳತಿ ನನ್ನ ಮುಖ ನೋಡಿದರು.

"ನಿಮಗೂ ಕೆಸರೆ ಡಾಕ್ಟ್ರೇನಾ?"

ನಾನು ಹೂಂ ಎಂದೆ. ಇಬ್ಬರೂ ಅಲ್ಲೇ ನಿಂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಅವರ ಮನೆಯಲ್ಲೂ ಶುಗರ್ ಹುಟ್ಟಿಸಿದ್ದು ಅತ್ತೆಯೇ. ಅವರಿಗೂ ಎಲ್ಲರೂ ನಿಮಗೇನು ಕಮ್ಮಿ ಎಂದೇ ಕೇಳಿದ್ದರು. ನಾನು ಒಲೆಯ ಮುಂದೆ ಮರದ ಹಾಗೆ ನಿಂತರೆ ಅವರು ಬಾವಿಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದರಂತೆ. ಆ ಕಟ್ಟೆಯಿಂದ ನನ್ನನ್ನು ಎಬ್ಬಿಸಿದ್ದು ಈ ಶೂ ಕಣ್ರೀ ಎಂದು ಕಾಲು ಎತ್ತಿ ತೋರಿಸಿದರು. ಅದನ್ನು ಹೇಳುವಾಗ ನಗುತ್ತಿರಲಿಲ್ಲ. ಆಮೇಲೆ ಇಬ್ಬರೂ ಹೋಟೆಲಿಗೆ ನುಗ್ಗಿ ಒಂದೊಂದು ಪ್ಲೇಟ್ ಕೇಸರಿಬಾತ್ ತಿಂದೆವು. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡೆವು. ಆ ರುಚಿ ನನ್ನ ನಾಲಗೆಯಲ್ಲಿ ಇನ್ನೂ ಇದೆ.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ನಾನು ಶೂ ಬಿಚ್ಚುವುದರೊಳಗೆ ಅತ್ತೆ, ದೇವರು ದೊಡ್ಡವನು, ವಾಸಿಯಾಯಿತಲ್ಲ, ನಾಳೆಯಿಂದ ಈ ತಿರುಗಾಟ ಬೇಡ ಎಂದರು. ನಾನು ಅವರ ಮುಖವನ್ನೇ ನೋಡಿದೆ. ಕಾಯಿಲೆಯನ್ನು ಹುಟ್ಟಿಸಿದವರೇ ಅದು ವಾಸಿಯಾಯಿತೆಂದು ನನ್ನ ಎದುರಿಗೇ ಹೇಳುತ್ತಿದ್ದಾರೆ! ಮದುವೆಯಾಗಿ ಬಂದಮೇಲೆ ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಆವತ್ತೇ ಮೊದಲು.

"ಇಲ್ಲದ ಕಾಯಿಲೆ ವಾಸಿಯಾಗೋದು ಹೆಂಗೆ ಅತ್ತೆ? ಇರೋ ಕಾಯಿಲೆಗೆ ನಾನು ನಡೀತಿರೋದು. ನಿಲ್ಲಿಸಿದ್ರೆ ನಾನು ಉಳಿಯಲ್ಲ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅಳಲು ಕೂತರು. ಪೇಪರು ಓದುತ್ತಿದ್ದ ನನ್ನ ಗಂಡ ತಲೆ ಎತ್ತಿ, "ಓಗ್ಲಿ ಬುಡವ್ವ" ಎಂದರು. ಅಷ್ಟೇ. ಪೇಪರು ಮಡಿಸಲೂ ಇಲ್ಲ. ನಾನು ಇವತ್ತು ನೆಟ್ಟಗೆ ಕೂತು ಇದನ್ನು ಬರೆಯುತ್ತಿದ್ದರೆ ಅದಕ್ಕೆ ಆ ಒಂದು ಮಾತೂ ಕಾರಣ.

ಗೆಳತಿಯ ಗಂಡ ಆ ಮಾತು ಆಡಲಿಲ್ಲ. ಮರುದಿನ ಅವರು ಕೆರೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆದ ಮೇಲೆ ಅವರ ಮನೆಗೆ ಹೋದೆ. ಅವರ ಅತ್ತೆ ನಡುಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಮಗಳಿಗೆ ಗಂಡು ನೋಡುತ್ತಿದ್ದೇವೆ, ತಾಯಿಗೆ ಶುಗರ್ ಇಲ್ಲ ಎಂದು ಡಾಕ್ಟರೇ ಜನರ ಮುಂದೆ ಹೇಳಿದ್ದು ಒಳ್ಳೆಯದಾಯಿತು, ಸಂಬಂಧ ಕುದುರುವ ಸಮಯದಲ್ಲಿ ಇನ್ನು ಯಾಕೆ ಕೆರೆ ಏರಿ ಸುತ್ತುವುದು ಎಂದರು. ಮಾತ್ರೆಗಳನ್ನೂ ಬಿಡಿಸಿದ್ದರು. ಬಂದು ಹೋಗುವ ಬೀಗರು ಕಂಡರೆ ಇದು ಯಾತರ ಮಾತ್ರೆ ಎಂದು ಕೇಳುತ್ತಾರಲ್ಲ! ಗೆಳತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಬರಿಗಾಲಲ್ಲಿ. ನಾನು ದನಿ ತಗ್ಗಿಸಿ, ಅಮ್ಮಾ, ಅವರು ನಡೆಯುತ್ತಿದ್ದದ್ದು ಶುಗರ್‌ಗಲ್ಲ ಅಂತ ನಿಮಗೂ ಗೊತ್ತು, ದಯವಿಟ್ಟು ಬಿಡಿಸಬೇಡಿ ಎಂದೆ. ಆ ಮುದುಕಿಯ ಮುಖ ಗಂಟಿಕ್ಕಿಕೊಂಡಿತು.

"ನಮ್ಮನೇಲಿ ಅಂಥ ಕಾಯಿಲೆ ಯಾರಿಗೂ ಬಂದಿಲ್ಲ ಕಣಮ್ಮ."

ಗೆಳತಿ ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಿದ್ದರು. ನಾನು ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದೆ. ಮಗಳ ಮದುವೆ ಆ ವರ್ಷವೇ ಚೆನ್ನಾಗಿ ನಡೆಯಿತು. ಮದುವೆಯಲ್ಲಿ ಗೆಳತಿ ರೇಷ್ಮೆ ಸೀರೆ ಉಟ್ಟು ಕೂರಿಸಿದಲ್ಲಿ ಕೂತಿದ್ದರು, ಎಬ್ಬಿಸಿದಾಗ ಎದ್ದರು. ಹೆಣ್ಣಿನ ತಾಯಲ್ಲವೇ, ಸಂಕಟ ಎಂದುಕೊಂಡರು ಜನ. ನೋಡುವ ಕಣ್ಣಿರಲಿಲ್ಲ ಒಬ್ಬರಿಗೂ. ಅದಾದ ಮೇಲೆ ಅವರು ವಿಜಯನಗರದಲ್ಲಿ ಮನೆ ಕಟ್ಟಿಕೊಂಡು ಹೋದರು. ನಾನು ಎರಡು ಸಲ ಫೋನ್ ಮಾಡಿದೆ. ಮಲಗಿದ್ದಾಳೆ ಎಂದರು ಅವರ ಅತ್ತೆ, ಎರಡು ಸಲವೂ.

ಎಳ್ಳು ಬೀರಲು ಹೋದವಳನ್ನು ಯಾರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ, ಮುತ್ತೈದೆಯನ್ನು ಒಳಗೆ ಕರೆದು ಕೂರಿಸಲೇಬೇಕು. ಅದನ್ನೇ ನೆಚ್ಚಿಕೊಂಡು ಒಂದು ಸಂಕ್ರಾಂತಿಗೆ ನಾನು ಸಿಟಿ ಬಸ್ಸು ಹತ್ತಿ ವಿಜಯನಗರಕ್ಕೆ ಹೋದೆ. ಒಂದು ವಾರ ಮೊದಲೇ ಕೂತು ಅಚ್ಚಿನ ಬೆಲ್ಲವನ್ನು ಸಣ್ಣಗೆ ಹೆಚ್ಚಿ ಬಿಸಿಲಿಗೆ ಒಣಗಿಸಿದ್ದೆ, ಕೊಬ್ಬರಿ ಹೆಚ್ಚಿದ್ದೆ, ಸಕ್ಕರೆ ಅಚ್ಚು ಹೊಯ್ದಿದ್ದೆ. ಅವರಿಗೆ ಅಂತ ಬೆಲ್ಲವನ್ನು ಒಂದು ಹಿಡಿ ಹೆಚ್ಚೇ ಬೆರೆಸಿದ್ದೆ. ಆ ಕೇಸರಿಬಾತಿನ ದಿನ ಅವರಿಗೆ ನೆನಪಾಗಲಿ ಎಂದು ನನ್ನ ಆಸೆ. ನೆನಪಾದರೆ ಮತ್ತೆ ನಡೆಯೋಣ ಬನ್ನಿ ಎಂದು ಕರೆಯುವುದು, ನಾನೇ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಕರೆದುಕೊಂಡು ಹೋಗುವುದು ಎಂದೆಲ್ಲ ದಾರಿಯಲ್ಲಿ ಲೆಕ್ಕ ಹಾಕಿಕೊಂಡಿದ್ದೆ.

ದೊಡ್ಡ ಮನೆ, ಮುಖ ಕಾಣುವಂಥ ನೆಲ. ಗೆಳತಿ ಸೋಫಾದ ಒಂದು ಮೂಲೆಯಲ್ಲಿ ಕೂತಿದ್ದರು. ಮೈ ಊದಿಕೊಂಡಿತ್ತು. ಎದುರಿಗೆ ಟೀವಿ ನಡೆಯುತ್ತಿತ್ತು, ಅದನ್ನು ನೋಡುತ್ತಿರಲಿಲ್ಲ. ನನ್ನನ್ನು ಗುರುತು ಹಿಡಿದರು, ಬನ್ನಿ ಎಂದರು. ಆ ಬನ್ನಿ ಎಂಬ ಮಾತು ಬಾಯಿಂದ ಹೊರಗೆ ಬರಲು ಅದೆಷ್ಟು ಕಷ್ಟಪಟ್ಟಿತು ಎಂಬುದು ನನಗೆ ಗೊತ್ತು. ನಾನೂ ಅಲ್ಲಿ ಇದ್ದು ಬಂದವಳೇ. ನೀಲಿ ಶೂ ಇದೆಯಾ ಎಂದು ಕೇಳಿದೆ. ಮನೆ ಬದಲಾಯಿಸುವಾಗ ಹಳೆಯದನ್ನೆಲ್ಲ ಕೊಟ್ಟುಬಿಟ್ಟೆವು ಎಂದು ಅವರ ಅತ್ತೆ ಒಳಗಿನಿಂದ ಬಂದು ಉತ್ತರ ಹೇಳಿದರು. ಮುದುಕಿಗೆ ಒಂದು ಕೂದಲೂ ಕೊಂಕಿರಲಿಲ್ಲ. ನಾನು ಡಬ್ಬಿ ತೆರೆದದ್ದು ನೋಡಿ ಕೈ ಅಡ್ಡ ಹಿಡಿದರು.

"ಬೆಲ್ಲ ಇಲ್ದೇ ಇರೋದು ಇದ್ರೆ ಕೊಡಮ್ಮ. ಇವಳಿಗೆ ಶುಗರ್ ಜಾಸ್ತಿಯಾಗಿ ಇಂಗಾಗ್ಬುಟ್ಟಿದ್ದಾಳೆ."

ನಡಿಗೆ ಬಿಡಿಸಬೇಕಾದಾಗ ಹೊರಟುಹೋಗಿದ್ದ ಶುಗರ್, ಸೊಸೆ ಯಾಕೆ ಹೀಗೆ ಎಂದು ಬಂದವರಿಗೆ ಹೇಳಬೇಕಾಗಿ ಬಂದಾಗ ವಾಪಸ್ಸು ಬಂದಿತ್ತು. ಎಷ್ಟು ವಿಧೇಯವಾದ ಕಾಯಿಲೆ! ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಆವತ್ತು ಶುಗರ್ ಇಲ್ಲ ಅಂತ ನಡಿಗೆ ಬಿಡಿಸಿದ್ರಿ. ಇವತ್ತು ಶುಗರ್ ಇದೆ ಅಂತ ಬೆಲ್ಲ ಬಿಡಿಸ್ತಿದ್ದೀರಿ. ಇವರಿಗೆ ಆವತ್ತೂ ಅದಿರಲಿಲ್ಲ, ಇವತ್ತೂ ಅದಲ್ಲ. ನನಗೂ ಅಷ್ಟೇ. ನಾವಿಬ್ರೂ ಒಂದೇ ಮನಸ್ಸಿನ ಡಾಕ್ಟ್ರ ಹತ್ರ ಹೋಗ್ತಿದ್ದವರು. ನಾನು ನಡೆದೆ, ಬದುಕಿದ್ದೀನಿ. ಇವರನ್ನ ನೋಡಿ."

ಮುದುಕಿ ನನ್ನ ಮುಖ ನೋಡಲಿಲ್ಲ. ರಿಮೋಟ್ ತೆಗೆದುಕೊಂಡು ಟೀವಿಯ ಸದ್ದು ಹೆಚ್ಚು ಮಾಡಿದರು.

ನಾನು ಅವರಿಗೆ ಬೆನ್ನು ಮಾಡಿ ಕೂತು, ಗೆಳತಿಯ ಕೈ ಹಿಡಿದು ಬಿಡಿಸಿ, ಅಂಗೈ ತುಂಬ ಎಳ್ಳುಬೆಲ್ಲ ಹಾಕಿದೆ. ತಿನ್ನಿ ಎಂದೆ. ನಾಳೆ ಬೆಳಿಗ್ಗೆ ಬರುತ್ತೇನೆ, ಶೂ ನಾನೇ ತರುತ್ತೇನೆ ಎಂದೆ. ಅವರು ಅಂಗೈಯನ್ನೇ ನೋಡಿದರು. ಆಮೇಲೆ ಇನ್ನೊಂದು ಕೈಯ ಬೆರಳಿನಿಂದ ಒಂದು ಬೆಲ್ಲದ ಚೂರು ಎತ್ತಿದರು. ತಿನ್ನುತ್ತಾರೆ ಎಂದುಕೊಂಡೆ. ಅದನ್ನು ನನ್ನ ಕೈಗೆ ಹಾಕಿದರು. ಇನ್ನೊಂದು ಎತ್ತಿದರು, ಮತ್ತೊಂದು ಎತ್ತಿದರು. ಎಳ್ಳಿನ ನಡುವೆ ಬೆರಳಾಡಿಸಿ ಹುಡುಕಿ, ಒಂದು ಹರಳೂ ಉಳಿಯದ ಹಾಗೆ ಆರಿಸಿದರು.

"ಬೇಡ ಕಣ್ರೀ. ನಂಗೆ ಶುಗರ್ ಅಲ್ವಾ" ಎಂದರು.

ಆಮೇಲೆ ಬರೀ ಎಳ್ಳನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತ, ನನ್ನ ಕಡೆ ನೋಡಿ ನಕ್ಕರು.